ನಾಲ್ಕನೆಯ ಮೂಲೆ

ಮೊದಲು ಅಡಿಬಟ್ಟೆ, ಮುಬೀನಾ.
ಅದರ ಮೋರೆ ನೆಲದ ಕಡೆಗಿರಲಿ.
ಎರಡಾಗಿ ಮಡಚು, ನಡುವಿಗೆ ಉಗುರಿನಿಂದ ಗೀರು,
ಉರುಳೆಗೆ ಹೊಲಿದ ಕ್ಯಾನ್ವಾಸ್ ಪಟ್ಟಿಯ ಮೇಲೆ
ಕೆಂಪು ದಾರದ ಗುರುತಿದೆಯಲ್ಲ, ಅಲ್ಲಿಗೆ ಕೂಡಿಸು.
ಪಿನ್ನು ನಡುವಿನಿಂದ ಹೊರಗೆ ಹೋಗಬೇಕು.
ತುದಿಯಿಂದ ಹೊರಟರೆ
ತಪ್ಪೆಲ್ಲ ನಡುವಿಗೆ ಬಂದು ಉಬ್ಬುತ್ತದೆ.

ಹನ್ನೆರಡು ಅಡಿಯ ಕಬ್ಬಿಣದ ಚೌಕಟ್ಟು.
ಮಂಡ್ಲಿಯ ಈ ಶೆಡ್ಡು ಅಕ್ಕಿ ಗಿರಣಿಯಾಗಿದ್ದಾಗಿನ
ತೌಡಿನ ಧೂಳು ಇವತ್ತಿಗೂ ತೊಲೆಯಿಂದ ಉದುರುತ್ತದೆ;
ಹತ್ತಿ ಹಾಸುವ ಮುಂಚೆ ಒಮ್ಮೆ ಮೇಲೆ ನೋಡು.
ಸೆಲಿನ್ ಮೇಡಂ ತಿರುಪ್ಪೂರಿನಿಂದ ಇದನ್ನು ಸೆಕೆಂಡ್ ಹ್ಯಾಂಡ್ ತಂದ ದಿನ
ಲಾರಿಯಿಂದ ಇಳಿಸಿದವರು ಮಂಚ ಅಂದುಕೊಂಡರು.
ಒಬ್ಬ ಕೇಳಿಯೇಬಿಟ್ಟ:
ಯಾವ ರಾಕ್ಷಸ ಮಲಗ್ತಾನ್ರೀ ಇದರ ಮೇಲೆ?

ನಗಬೇಡ, ಬಾಯಲ್ಲಿ ಪಿನ್ನಿದೆ.

ನನಗೂ ಹಾಗೇ ಕಂಡಿತ್ತು. ನಮ್ಮವರಿಗೆ
ಕೌದಿಯ ಚೌಕಟ್ಟು ಅಂದರೆ ನೆಲ.
ಸೀಗೆಹಟ್ಟಿ, ಗೋಪಾಳ, ಊರುಗಡೂರು,
ಯಾರು ಕರೆದರೂ ಅವರ ಜಗಲಿಯಲ್ಲೇ ಕೂತು
ಅವರದೇ ಹರಕು ಸೀರೆಗಳನ್ನು ಅವ್ವ ಪದರ ಪದರ ಹಾಸುವಳು.
ಒಂದು ಮೂಲೆಗೆ ಗುಂಡುಕಲ್ಲು,
ಒಂದಕ್ಕೆ ಆ ಮನೆಯ ಸೇರು,
ಇನ್ನೊಂದಕ್ಕೆ ತನ್ನ ಎಲೆಅಡಿಕೆ ಚೀಲ,
ನಾಲ್ಕನೆಯದಕ್ಕೆ ನಾನು.

ಅಲುಗಾಡಬೇಡ ಯಲ್ಲೂ, ಅನ್ನುವಳು.
ನಾನು ಅಲುಗಾಡುತ್ತಿದ್ದೆ.
ಅದಕ್ಕೇ ಆ ಒಂದು ಮೂಲೆಯ ಹೊಲಿಗೆ
ಅವಳ ಎಲ್ಲ ಕೌದಿಗಳಲ್ಲೂ ಸ್ವಲ್ಪ ವಾರೆ.
ನನ್ನ ಹಸಿವು, ನನ್ನ ಕಾಲಿನ ಕಜ್ಜಿ,
ಎದ್ದು ಹಿಂದೆ ಓಡಿದ ಒಂದು ನಾಯಿಮರಿ,
ಇವನ್ನೆಲ್ಲ ಹೊದ್ದುಕೊಂಡು
ಈ ಊರಿನ ಎಷ್ಟು ಜನ ಬೆಚ್ಚಗೆ ಮಲಗಿರಬೇಕು!

ಇರಲಿ. ಆ ಕಡೆಯ ತುದಿ ಎರಡನೇ ಉರುಳೆಗೆ.
ಅಂಗೈಯಿಂದ ಸವರುತ್ತ ಸುತ್ತು.
ಸುಕ್ಕು ಈಗ ಒಳಗೆ ಹೋದರೆ
ನಾವು ಬೀಗ ಹಾಕುವ ಹೊತ್ತಿಗೆ ಹೊರಗೆ ಬರುತ್ತದೆ.
ಎರಡೂ ಪಕ್ಕಕ್ಕೆ ಕ್ಲಿಪ್ಪು. ಎಳೀಬೇಡ!
ತಮಟೆಯ ಹಾಗೆ ಬಿಗಿದರೆ
ಬಿಚ್ಚಿದ ಮೇಲೆ ಬಟ್ಟೆ ತನ್ನ ಅಳತೆಗೆ ಮರಳಿ
ಇಡೀ ಕೌದಿ ಅಳುಮೋರೆ ಹಾಕುತ್ತದೆ.
ಅಡಿಯಿಂದ ಬೆರಳು ಒತ್ತು,
ಮೇಲಿಂದ ಅದು ನನ್ನ ಕೈಗೆ ಸಿಗಬೇಕು.
ಹಾಂ, ಸಿಕ್ಕಿತು ನಿನ್ನ ಬೆರಳು.
ಇಷ್ಟೇ ಬಿಗಿ.

ಹತ್ತಿ ಆಯಿತು. ಈಗ ಮೇಲ್ಬಟ್ಟೆ.
ಭದ್ರಾವತಿಯ ನರ್ಸಮ್ಮ ರಿಟೈರಾದ ಮೇಲೆ
ತನ್ನ ಬಿಳಿ ಸೀರೆಗಳನ್ನೆಲ್ಲ ಚೌಕ ಚೌಕ ಕತ್ತರಿಸಿ
ತಾನೇ ಜೋಡಿಸಿದ್ದಾಳೆ, ನಡುನಡುವೆ ನೀಲಿ.
ಹತ್ತಿರ ನೋಡು, ಬಿಳಿಯಲ್ಲಿ ಎಷ್ಟೊಂದು ಬಿಳಿ!
ಟಿಂಕ್ಚರು ಸಿಡಿದಲ್ಲಿ ಮಾತ್ರ ಚಹಾ ಬಣ್ಣ.
ಮೇಲಿನ ಅಂಚು ಸರಿಯಿದೆ, ಹೊಲಿದುಕೊಂಡು ಬಾ.
ಎಡ ಸರಿಯಿದೆ.
ಬಲಗಡೆಯ ಕೆಳಮೂಲೆ
ಎರಡು ಬೆರಳು ಆಚೆ ಚಾಚಿದೆ.

ನೆಲದ ಮೇಲೆ ಹಾಸಿದ್ದರೆ ಯಾರಿಗೆ ಕಾಣುತ್ತಿತ್ತು?
ಚೌಕಟ್ಟಿಗೆ ಏರಿದ ಮೇಲಷ್ಟೆ ಯಾರ್ಯಾರ ವಾರೆ ಎಷ್ಟೆಂದು ಗೊತ್ತಾಗುವುದು.

ಕತ್ತರಿ ಕೆಳಗಿಡು.
ಕತ್ತರಿಸಿದರೆ ನೇರವಾಗುತ್ತದೆ, ನಿಜ.
ಎಷ್ಟು ನೈಟ್ ಡ್ಯೂಟಿ ಮಾಡಿದ ಸೀರೆಯೋ ಅದು.
ಆ ಸಾಲು ಬಂದಾಗ ಹೆಚ್ಚಾದದ್ದನ್ನು
ಸಂಘದ ಸಾಲದ ಕಂತಿನ ಹಾಗೆ
ಪಿನ್ನು ಪಿನ್ನಿನ ನಡುವೆ ಹಂಚೋಣ,
ಯಾರಿಗೂ ಭಾರವಾಗಬಾರದು.

ಹೋಯಿತು ಕರೆಂಟು. ಸೂಜಿ ಒಳಗೇ ನಿಂತಿದೆ.
ಮೆಸ್ಕಾಂನವರು ಐದು ಅಂದರೆ ಏಳು.
ಏನನ್ನೂ ಬಿಚ್ಚಬೇಡ.
ಶಟರಿನ ಸಂದಿಯಿಂದ ಹೊಳೆಗಾಳಿ ನುಗ್ಗಿ
ಆ ಚಾಚಿದ ಮೂಲೆ ಅಲುಗಾಡುತ್ತಿದೆ.
ನಾನು ಕೈಯಿಟ್ಟುಕೊಂಡು ನಿಂತಿರುತ್ತೇನೆ.
ಬೇಕಿಲ್ಲ ಅಂತ ಗೊತ್ತು. ಆದರೂ.

ನೀನು ಟಾರ್ಚು ಹಿಡಿದು ಪಿನ್ನು ಎಣಿಸು.
ನಲವತ್ತೇಳಾ? ನಲವತ್ತೆಂಟಿರಬೇಕು.
ಕಾಲಡಿ ನೋಡು. ಹತ್ತಿಯ ಮೇಲೆ ಸವರು.
ಅಯ್ಯೋ ಹುಡುಗಿ,
ಒಂದು ಇನ್ನೂ ನಿನ್ನ ತುಟಿಯಲ್ಲೇ ಇದೆ.
ಅದಕ್ಕೇನಾ ಇಷ್ಟು ಹೊತ್ತು
ನಾನೊಬ್ಬಳೇ ಮಾತಾಡಿದ್ದು?